ವರ್ಷಕ್ಕೊಂದು ಗೇಣು

ನಮ್ಮೂರ ಚೌಕದಲ್ಲಿರುವ ಕಂಚಿನ ಮೋಟಾರು ವರ್ಷಕ್ಕೆ ಒಂದು ಗೇಣು ಮುಂದಕ್ಕೆ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯವಾದ್ದರಿಂದ ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ. ಮಾತಾಡುವುದೆಲ್ಲ ಈ ಸಲ ಅದರ ಮುಂದೆ ಯಾರ ಗೋಡೆ ಇದೆ ಎಂಬುದರ ಬಗ್ಗೆ. ನಾನು ಹೇಳಹೊರಟಿರುವುದು ನಮ್ಮ ಗೋಡೆಯ ಸರದಿ ಬಂದ ವರ್ಷದ ಕಥೆ.

ಮೋಟಾರಿನಲ್ಲಿ ಕೂತಿರುವವರು ಗುರಿಕಾರ ವೀರರಾಜಯ್ಯನವರು. ಊರಿಗೆ ಮೊಟ್ಟಮೊದಲು ಮೋಟಾರು ತಂದವರು. ಊರಿಗೆ ಅವರು ಇನ್ನೇನು ಮಾಡಿದರು ಎಂದು ಕೇಳಿದ್ದಕ್ಕೆ ಶಾಲೆಯಲ್ಲಿ ಹುಡುಗಿಯೊಬ್ಬಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಆ ಹುಡುಗಿ ನಾನೇ. ಎದೆಯೆತ್ತರದ ಕಡ್ಡಿಚಕ್ರಗಳು, ಹಿಂದಕ್ಕೆ ಮಡಿಸಿಟ್ಟ ಹೊದಿಕೆ, ತಾಮ್ರದ ಹಂಡೆಯಂಥ ಎರಡು ದೀಪಗಳು, ಮೂತಿಯ ಕೆಳಗೆ ಎಂಜಿನ್ನು ತಿರುಗಿಸುವ ಹ್ಯಾಂಡಲ್ಲು, ಎಲ್ಲವೂ ಕಂಚಿನಲ್ಲಿ ಚಾಚೂ ತಪ್ಪದೆ ಬಂದಿವೆ. ಬಾರದೆ ಹೋದದ್ದು ಡ್ರೈವರ್ ಮಾತ್ರ. ಗುರಿಕಾರರಿಗೆ ಮೋಟಾರು ನಡೆಸಲು ಬರುತ್ತಿರಲಿಲ್ಲವಂತೆ, ಮಾದಪ್ಪ ಎಂಬಾತ ನಡೆಸುತ್ತಿದ್ದನಂತೆ. ಡ್ರೈವರನನ್ನೂ ಕೂರಿಸಿದರೆ ಗುರಿಕಾರರು ಬರೀ ಪ್ರಯಾಣಿಕರಾಗಿಬಿಡುತ್ತಾರೆ ಎಂದು ಪುರಸಭೆಯವರು ಅವನನ್ನು ಕೈಬಿಟ್ಟರು. ಹಾಗಾಗಿ ಒಂದು ಕೈ ಸ್ಟೀರಿಂಗ್ ಚಕ್ರದ ಮೇಲಿಟ್ಟು, ಇನ್ನೊಂದು ಕೈ ಮುಂದಕ್ಕೆ ಚಾಚಿ, ಎತ್ತ ಹೋಗುತ್ತಿದ್ದೇನೆಂದು ತಮಗೇ ತೋರಿಸಿಕೊಳ್ಳುತ್ತ ಗುರಿಕಾರರೊಬ್ಬರೇ ಕೂತಿದ್ದಾರೆ. ಶಿಲ್ಪಿಗೆ ಹೇಳಿದ್ದು ಒಂದೇ ಮಾತು: ಓಡುವ ಹಾಗೆ ಕಾಣಬೇಕು. ಆತ ಸ್ವಲ್ಪ ಹೆಚ್ಚೇ ಶ್ರದ್ಧೆಯಿಂದ ಕೆಲಸ ಮಾಡಿದ.

ಮೊದಲ ವರ್ಷ ಎದುರಿಗಿದ್ದ ಹೂಕುಂಡ ಒಡೆದಾಗ ಎಲ್ಲರಿಗೂ ಹಸುಗಳ ಮೇಲೆ ಅನುಮಾನ ಬಂತು. ಎರಡನೆಯ ವರ್ಷ ಹಸುಗಳು ನೀರು ಕುಡಿಯುವ ತೊಟ್ಟಿಯೇ ಒಡೆಯಿತು. ಮೂರನೆಯ ವರ್ಷ ಎಂಜಿನಿಯರು ದಾರ ಹಿಡಿದು ಅಳೆದು, ಒಂದು ಗೇಣು ಎಂದು ಬರೆದುಕೊಟ್ಟರು. ಬೇರೆ ಊರಾಗಿದ್ದರೆ ಹೆದರುತ್ತಿತ್ತು. ನಮ್ಮೂರು ಎದೆಯುಬ್ಬಿಸಿತು. ಅಕ್ಕಪಕ್ಕದ ಊರುಗಳ ಮಹನೀಯರು ನಿಂತಲ್ಲೇ ನಿಂತು ಕಾಗೆಗಳಿಗೆ ಜಾಗ ಕೊಡುತ್ತಿದ್ದರೆ ನಮ್ಮವರು ಮುಂದೆ ಹೋಗುತ್ತಿದ್ದರಲ್ಲ! ಚಲಿಸುವ ವಾಹನಕ್ಕೆ ಅಡ್ಡ ಬರಬಾರದೆಂಬ ನಿಯಮವನ್ನು ಪುರಸಭೆ ಈ ಮೋಟಾರಿಗೂ ಅನ್ವಯಿಸಿತು. ಗುರಿಕಾರರ ಜಯಂತಿಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಸೈರನ್ ಕೂಗುತ್ತದೆ, ಊರವರೆಲ್ಲ ಒಂದು ನಿಮಿಷ ಕಣ್ಣು ಮುಚ್ಚಿ ನಿಲ್ಲುತ್ತಾರೆ, ಕಣ್ಣು ಬಿಟ್ಟಾಗ ಮೋಟಾರು ಒಂದು ಗೇಣು ಮುಂದಿರುತ್ತದೆ. ಅದು ಹೋಗುವುದನ್ನು ಇದುವರೆಗೆ ಯಾರೂ ಕಂಡಿಲ್ಲ. ದೊಡ್ಡವರಿಗೆ ಗೌರವ ಸಲ್ಲಿಸುವಾಗ ಕಣ್ಣು ಬಿಡುವುದು ಒಳ್ಳೆಯ ಮನೆತನದವರ ಲಕ್ಷಣವಲ್ಲ.

ಅದರ ದಾರಿಯಲ್ಲಿದ್ದವರಿಗೆ ‘ದಾರಿಬಿಟ್ಟವರು’ ಎಂಬ ಬಿರುದು ಸಿಗುತ್ತದೆ. ಮನೆಯವರೇ ತಮ್ಮ ಗೋಡೆಗೆ ಮೊದಲ ಪೆಟ್ಟು ಹಾಕಬೇಕು. ಆಮೇಲೆ ಒಂದು ಶಾಲು, ಕಟ್ಟು ಹಾಕಿಸಿದ ಒಂದು ಪ್ರಶಸ್ತಿಪತ್ರ, ಎಲ್ಲ ಸಮಾರಂಭಗಳಲ್ಲೂ ಎರಡನೆಯ ಸಾಲಿನಲ್ಲಿ ಕುರ್ಚಿ. ದರ್ಜಿ ತುಕಾರಾಮಣ್ಣನ ಅಂಗಡಿ ಹೀಗೇ ಹೋಯಿತು. ಈಗ ಅವರು ಅರಳಿಮರದ ಕೆಳಗೆ ಮಿಷನ್ನು ಇಟ್ಟುಕೊಂಡು ಹೊಲಿಯುತ್ತಾರೆ, ಮಳೆ ಬಂದರೆ ಮಿಷನ್ನಿಗೆ ಆ ಶಾಲನ್ನೇ ಹೊದಿಸುತ್ತಾರೆ. ಆದರೂ ಎರಡನೆಯ ಸಾಲಿನ ಕುರ್ಚಿಯಲ್ಲಿ ಕೂತಾಗ ಅವರ ಕತ್ತು ಎಷ್ಟು ನೆಟ್ಟಗಿರುತ್ತದೆಂದರೆ, ಆ ಕತ್ತಿಗೆ ಕಾಲರ್ ಹೊಲಿಯಲು ಅವರಿಗೇ ಕಷ್ಟವಾದೀತು.

ಅಂಗಡಿಯ ಹಿಂದೆ ಇದ್ದದ್ದು ನಮ್ಮ ಮನೆ. ಮನೆಯೆಂದರೆ ಒಂದು ಅಡುಗೆಮನೆ, ಒಬ್ಬರು ಮಲಗಿದರೆ ಇನ್ನೊಬ್ಬರು ದಾಟಿಕೊಂಡು ಹೋಗಬೇಕಾದ ನಡುಮನೆ, ಚೌಕದ ಕಡೆಗೆ ಒಂದು ಕೋಣೆ. ಇರುವವರು ನಾನು ಮತ್ತು ನನ್ನಜ್ಜಿ ಕೆಂಪದೇವಮ್ಮ. ಅಜ್ಜಿ ಸೂಲಗಿತ್ತಿ. ಅರ್ಧ ಊರು ಆ ಕೋಣೆಯಲ್ಲಿ ಹುಟ್ಟಿದೆ. ಆಸ್ಪತ್ರೆ ಇರುವುದು ಒಂಬತ್ತು ಮೈಲಿ ಆಚೆ. ನನ್ನಮ್ಮನನ್ನು ಅಪ್ಪ ಹಟ ಹಿಡಿದು ಗಾಡಿಯಲ್ಲಿ ಅಲ್ಲಿಗೆ ಹೊರಡಿಸಿದ್ದ. ಆರನೆಯ ಮೈಲಿಯಲ್ಲಿ ನಾನು ಹುಟ್ಟಿದೆ, ಏಳನೆಯ ಮೈಲಿಯಲ್ಲಿ ಅಮ್ಮ ಹೋದಳು. ಅಪ್ಪ ಗಾಡಿಯನ್ನು ಅಲ್ಲೇ ಬಿಟ್ಟು ಎಲ್ಲಿಗೋ ನಡೆದುಹೋದ. ಅಜ್ಜಿ ನನಗೆ ಎಷ್ಟೋ ಕಥೆ ಹೇಳಿದ್ದಾಳೆ, ಏಳು ಸಮುದ್ರದಾಚೆಯ ಗಿಳಿಯದು, ಹೂವಾಗುವ ಹುಡುಗಿಯದು. ಇದೊಂದನ್ನು ಮಾತ್ರ ಎರಡೇ ವಾಕ್ಯದಲ್ಲಿ ಮುಗಿಸುತ್ತಿದ್ದಳು. ಆ ಕೋಣೆಯಲ್ಲಿ ಹೆತ್ತವರಲ್ಲಿ ಒಬ್ಬಳನ್ನೂ ಅವಳು ಕಳೆದುಕೊಂಡಿರಲಿಲ್ಲ.

ಮೋಟಾರಿನ ಹ್ಯಾಂಡಲ್ಲು ನಮ್ಮ ಗೋಡೆಗೆ ನಾಲ್ಕು ಬೆರಳು ದೂರದಲ್ಲಿದ್ದಾಗ ಪುರಸಭೆಯ ಅಧ್ಯಕ್ಷ ಚನ್ನಕೇಶವಯ್ಯನವರು ಎಂಜಿನಿಯರನ್ನು ಕರೆದುಕೊಂಡು ಬಂದರು. ನಿಜ ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು. ಚಿಕ್ಕವಳಿದ್ದಾಗಿನಿಂದ ಆ ಮೋಟಾರಿನ ಕಾಲುಹಲಗೆಯ ಮೇಲೆ ಕೂತು ಕನಸು ಕಂಡವಳು ನಾನು. ಒಂದು ದಿನ ಗುರಿಕಾರರು ಬಾಗಿಲು ತೆಗೆದು “ಹತ್ತು ಮಗು” ಎನ್ನುತ್ತಾರೆ ಎಂದು ಕಾದವಳು. ಶಾಲು ನೇರಳೆ ಬಣ್ಣದ್ದಾದರೆ ನನ್ನ ಲಂಗಕ್ಕೆ ಒಪ್ಪುತ್ತದೆ ಎಂದೂ ಯೋಚಿಸಿದ್ದೆ.

“ಅಮ್ಮಾ, ತಮ್ಮ ಭಾಗ್ಯ,” ಎಂದರು ಅಧ್ಯಕ್ಷರು. “ಗುರಿಕಾರರೇ ತಮ್ಮ ಮನೆಗೆ ಬರ್ತಾ ಇದಾರೆ.”

“ಬರ್ಲಿ. ಬಾಗ್ಲು ಆ ಕಡೆ ಐತೆ ಅಂತ ಹೇಳು,” ಎಂದಳು ಅಜ್ಜಿ, ಬಿಸಿನೀರಿನ ಹಂಡೆಗೆ ಸೌದೆ ದೂಡುತ್ತ.

“ತಮಾಷೆ ಅಲ್ಲ ಅಮ್ಮಾ. ಜಯಂತಿಯೊಳಗೆ ಕೋಣೆ ಖಾಲಿ ಮಾಡ್ಬೇಕು. ಇದು ಊರಿನ ಪ್ರಗತಿ ಪ್ರಶ್ನೆ.”

“ಆ ಕೋಣೇಲೇ ನೀನು ಹುಟ್ಟಿದ್ದು ಕೇಶವಯ್ಯ. ಅಡ್ಡ ತಿರುಗಿದ್ದೆ. ಎಲ್ಡು ಹಗಲು ಒಂದು ರಾತ್ರಿ ನಿಮ್ಮವ್ವನ್ನ ಗೋಳು ಹೊಯ್ಕಂಡೆ. ಆವಾಗ್ಲೇ ನಾನು ಅಂದೆ, ಈ ಕೂಸು ದೊಡ್ಡದಾದ್ಮೇಲೂ ಎಲ್ಲಕ್ಕೂ ಅಡ್ಡ ಬತ್ತದೆ ಅಂತ.”

ಎಂಜಿನಿಯರು ನಗಬಾರದೆಂದು ಗೋಡೆ ಅಳೆಯತೊಡಗಿದರು. ಅಧ್ಯಕ್ಷರು ಶಲ್ಯ ಸರಿಮಾಡಿಕೊಂಡು, “ಆಸ್ಪತ್ರೆ ಇದೆಯಲ್ಲ, ಈಗ ಕಾಲ ಬದಲಾಗಿದೆ,” ಎಂದರು. ಅಜ್ಜಿ ಸೌದೆ ದೂಡುವುದನ್ನು ಬಿಟ್ಟಳು. ನನ್ನ ಕಡೆ ಒಂದು ಸಲ ನೋಡಿದಳು, ಅಷ್ಟೆ. ಆಗ ನನ್ನ ತಲೆಯೊಳಗಿನ ನೇರಳೆ ಶಾಲು ಮಡಿಸಿಕೊಂಡು ಎಲ್ಲೋ ಹೋಯಿತು.

ಜಯಂತಿಯ ದಿನ ಬೆಳಗ್ಗೆ ತುಕಾರಾಮಣ್ಣನ ಸೊಸೆ ಯಮುನಾಳಿಗೆ ನೋವು ಕಾಣಿಸಿಕೊಂಡಿತು. ಹತ್ತು ದಿನ ಮುಂಚೆಯೇ. ಹೊರಗೆ ಶಾಮಿಯಾನ, ಧ್ವನಿವರ್ಧಕ, ಮಡ್‌ಗಾರ್ಡಿನಿಂದ ಮೊದಲ ಸಾಲಿನವರೆಗೆ ಎಳೆದ ಹೂವಿನ ಹಗ್ಗ. ಆ ಹಗ್ಗ ಹಿಡಿದು ನಿಲ್ಲುವುದು ಊರಿನ ಗಣ್ಯರ ಹಕ್ಕು. ಒಳಗೆ ತೊಲೆಗೆ ಕಟ್ಟಿದ ಸೀರೆಯನ್ನು ಹಿಡಿದು ಯಮುನಾ ತನ್ನ ಮಾವನಿಗೆ, ಗಂಡನಿಗೆ, ಗಂಡಸೆಂಬ ಜಾತಿಗೇ ಬೈಯುತ್ತಿದ್ದಳು. ಎರಡನೆಯ ಸಾಲಿನಲ್ಲಿ ಕೂತಿದ್ದ ತುಕಾರಾಮಣ್ಣ ನಾಚಿಕೆಯಿಂದ ಬೆವೆತುಹೋಗಿದ್ದರು. ದಾರಿಬಿಟ್ಟ ಮನೆತನದ ಸೊಸೆಯೇ ದಾರಿಗೆ ಅಡ್ಡ ಮಲಗಿದರೆ ಜನ ಏನೆಂದಾರು!

ಅರಿಸಿನ ಕುಂಕುಮ ಹಚ್ಚಿದ ಹಾರೆಯನ್ನು ಅಧ್ಯಕ್ಷರು ನನ್ನ ಕೈಗೆ ಕೊಟ್ಟರು. “ಹೊಡಿಯಮ್ಮ, ಮೊದಲ ಪೆಟ್ಟು ನಿಂದೇ.”

“ಒಳಗೆ ಹೆರಿಗೆ ಆಗ್ತಾ ಇದೆ ಸಾರ್.”

“ಅದಕ್ಕೇನಂತೆ? ಈ ಕಡೆ ಗೋಡೆ ತಾನೆ ಬೀಳೋದು. ಆಯಮ್ಮನಿಗೆ ಒಂದು ಬೆಡ್‌ಶೀಟ್ ಅಡ್ಡ ಹಿಡೀರಿ. ಪುರಸಭೆಯಿಂದಲೇ ಕೊಡ್ತೀವಿ.”

ನಾನು ಹಾರೆಯನ್ನು ಅವರ ಕಾಲ ಬಳಿ ಮಲಗಿಸಿ ಒಳಗೆ ಹೋದೆ. ಯಮುನಾಳ ಬೆನ್ನಿಗೆ ಆಸರೆಯಾಗಿ ಕೂತೆ. ಅದು ನನ್ನ ಕೆಲಸ. ಅಜ್ಜಿ ಮುಂದೆ ಕೂತಿದ್ದಳು. ಸೈರನ್ ಕೂಗಿತು. ಧ್ವನಿವರ್ಧಕದಲ್ಲಿ “ಎಲ್ಲರೂ ಕಣ್ಣು ಮುಚ್ಚಿ” ಎಂಬ ಮಾತು ಕೇಳಿತು. ಊರು ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ನಮ್ಮ ಗೋಡೆ, ಹಪ್ಪಳ ಮುರಿದ ಹಾಗೆ, ಬಿರಿಯಿತು. ಮಣ್ಣು ಉದುರಿತು. ಹ್ಯಾಂಡಲ್ಲು, ಅದರ ಹಿಂದೆ ಮೋಟಾರಿನ ಮೂತಿ ನಾಲ್ಕು ಬೆರಳಿನಷ್ಟು, ನಮ್ಮ ಸೂರಿನ ಕೆಳಗೆ ಬಂದು ನಿಂತವು. ಅದೇ ಕ್ಷಣ ಯಮುನಾ ಒಂದು ಕೂಗು ಹಾಕಿದಳು, ಅಜ್ಜಿಯ ಕೈಯಲ್ಲಿ ಕೆಂಪಗೆ ಒದ್ದೆಯಾದ ಒಂದು ಹೆಣ್ಣುಕೂಸು ಮುಷ್ಟಿ ಬಿಗಿದುಕೊಂಡು ಅಳತೊಡಗಿತು.

ಹೊರಗೆ ಅರ್ಚಕರ ಕೈಯಿಂದ ಬಿಂದಿಗೆ ಬಿದ್ದ ಸದ್ದು ಕೇಳಿತು. “ಪುರುಡು!” ಎಂದು ಅವರು ಕೂಗಿದರು.

ನಮ್ಮೂರಿನಲ್ಲಿ ಪ್ರಗತಿಗಿಂತ ಗಟ್ಟಿಯಾದ ವಸ್ತು ಒಂದಿದ್ದರೆ ಅದು ಪುರುಡು. ಮಗು ಹುಟ್ಟಿದಾಗ ಆ ಸೂರಿನ ಕೆಳಗಿದ್ದವರನ್ನು, ಅವರನ್ನು ಮುಟ್ಟಿಕೊಂಡಿದ್ದವರನ್ನು ಹನ್ನೊಂದು ದಿನ ಮೈಲಿಗೆ ಹಿಡಿಯುತ್ತದೆ. ದೇವಸ್ಥಾನವಿಲ್ಲ, ಪೂಜೆಯಿಲ್ಲ, ವೇದಿಕೆಯಿಲ್ಲ. ಮೋಟಾರಿನ ಮೂತಿ ಸೂರಿನ ಕೆಳಗಿತ್ತು. ಗುರಿಕಾರರು ಮೋಟಾರಿನಲ್ಲಿದ್ದರು. ಮಡ್‌ಗಾರ್ಡಿಗೆ ಹೂವಿನ ಹಗ್ಗ, ಹಗ್ಗದ ತುಂಬ ಗಣ್ಯರು. ಎಲ್ಲರಿಗಿಂತ ಮುಂದೆ, ಫೋಟೋಕ್ಕೆಂದು ದೀಪದ ಮೇಲೆ ಕೈಯಿಟ್ಟು ನಿಂತಿದ್ದವರು ಚನ್ನಕೇಶವಯ್ಯನವರು. ಹನ್ನೊಂದು ದಿನ ಅಧ್ಯಕ್ಷರು ಎಲ್ಲೂ ಭಾಷಣ ಮಾಡುವ ಹಾಗಿರಲಿಲ್ಲ. ಎಂಟನೆಯ ದಿನ ಅವರು ಮನೆಯ ಹಿತ್ತಲಿನಲ್ಲಿ ಬಾಳೆಗಿಡಗಳಿಗೆ “ಬಂಧುಗಳೇ” ಎಂದದ್ದನ್ನು ಪಕ್ಕದ ಮನೆಯವರು ಕೇಳಿಸಿಕೊಂಡರಂತೆ.

ಹನ್ನೊಂದನೆಯ ದಿನ ಬೆಳಗ್ಗೆ ಅರ್ಚಕರು ಮೋಟಾರಿಗೆ ಶುದ್ಧಿ ಮಾಡಲು ಮಡಿಯುಟ್ಟು ಬಂದರು. ಅಷ್ಟರಲ್ಲಿ ಹೊಳೆಬೀದಿಯ ಪಾರ್ವತವ್ವ ನಮ್ಮ ಕೋಣೆಯಲ್ಲಿ ಗಂಡು ಹೆತ್ತಳು. ಅರ್ಚಕರು ಬಂದ ದಾರಿಯಲ್ಲೇ ವಾಪಸಾದರು. ಆಮೇಲೆ ಕುಂಬಾರಗೇರಿಯವಳು. ಆಮೇಲೆ ಅವಳಿ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ದಿನ ತುಂಬಿದ ಹೆಂಗಸರಿಗೆ ಅದೇ ಕೋಣೆ ಬೇಕಿತ್ತು, ಗೋಡೆಯ ಬಿರುಕಿಗೆ ಗೋಣಿಚೀಲ ತುರುಕಿಕೊಂಡು ನಾವು ಕೆಲಸ ಮುಂದುವರಿಸಿದ್ದೆವು. ಒಳಗೆ ಬಂದ ಹ್ಯಾಂಡಲ್ಲೂ ಉಪಯೋಗಕ್ಕೆ ಬಂತು. ನೋವಿನ ಭರದಲ್ಲಿ ಹಿಡಿದುಕೊಳ್ಳಲು ಅದು ಸೀರೆಗಿಂತ ಒಳ್ಳೆಯದು ಎಂದಳು ಪಾರ್ವತವ್ವ. ಕಿತ್ತೂ ಬರುವುದಿಲ್ಲ, ಎದುರೂ ಆಡುವುದಿಲ್ಲ. ಮೂರು ತಿಂಗಳು ಗುರಿಕಾರರಿಗೆ ಹಾರವಿಲ್ಲ, ಅಭಿಷೇಕವಿಲ್ಲ. ಪಾರಿವಾಳಗಳು ಅವರ ಪೇಟದ ಮೇಲೆ ಪಕ್ಕದೂರಿನ ಮಹನೀಯರಿಗೆ ಸಿಗುವ ಮರ್ಯಾದೆಯನ್ನೇ ಸಲ್ಲಿಸಿದವು.

ಅಧ್ಯಕ್ಷರು ಬಾಗಿಲಾಚೆ ನಾಲ್ಕು ಮಾರು ದೂರ ನಿಂತು ಕೂಗಿದರು. “ಅಮ್ಮಾ, ಈ ಹೆರಿಗೆಗಳನ್ನ ಸ್ವಲ್ಪ ನಿಲ್ಸಿ!”

“ನಾನೇನಪ್ಪ ನಿಲ್ಸದು? ನಿಮ್ಮ ಗಂಡಸ್ರಿಗೆ ಒಂದು ಸುತ್ತೋಲೆ ಕಳ್ಸು. ಒಂಬತ್ತು ತಿಂಗಳಾದ್ಮೇಲೆ ಬಂದು ನೋಡು.”

ಕೊನೆಗೆ ದಾರಿ ಹುಡುಕಿದ್ದು ಅರ್ಚಕರು. ಮೋಟಾರು ಕೋಣೆಯೊಳಗಿದ್ದರೆ ತಾನೆ ಪುರುಡು? ಕೋಣೆಯೇ ಮೋಟಾರಿನೊಳಗಿದ್ದರೆ? ಪ್ರಯಾಣದಲ್ಲಿರುವವರನ್ನು ಮೈಲಿಗೆ ಹಿಡಿಯುವುದಿಲ್ಲ ಎಂದು ಅವರು ಯಾವುದೋ ಹಳೆಯ ಓಲೆ ತೆಗೆದು ಓದಿದರು. ಪುರಸಭೆ ಅಂದೇ ಸಭೆ ಸೇರಿ, ಕೆಂಪದೇವಮ್ಮನವರ ಮುಂದಿನ ಕೋಣೆಯು ಗುರಿಕಾರರ ಮೋಟಾರಿನ ಒಂದು ಭಾಗವೆಂದು ಸರ್ವಾನುಮತದಿಂದ ತೀರ್ಮಾನಿಸಿತು. ಸ್ಮಾರಕದ ಭಾಗವಾದ್ದರಿಂದ ಅದನ್ನು ಇನ್ನು ಯಾರೂ ಕೆಡವುವಂತಿಲ್ಲ. ಊರೆಲ್ಲ ಸಿಹಿ ಹಂಚಿತು. ನನಗೂ ಒಂದು ಲಾಡು ಬಂತು.

ಆದರೆ ಮಾರನೆಯ ವಾರ ಜನನ ನೋಂದಣಿಯ ಗುಮಾಸ್ತರು ಪುಸ್ತಕ ಹಿಡಿದು ಬಂದಾಗ ಲಾಡಿನ ರುಚಿ ಇಳಿಯಿತು. ‘ಹುಟ್ಟಿದ ಸ್ಥಳ’ ಎಂಬಲ್ಲಿ ಅವರು ‘ಗುರಿಕಾರರ ಮೋಟಾರು’ ಎಂದು ಬರೆಯುತ್ತಿದ್ದರು.

“ಕೆಂಪದೇವಮ್ಮನ ಕೋಣೆ ಅಂತ ಬರೀರಿ,” ಎಂದೆ.

“ಹಂಗೆ ಬರೆದ್ರೆ ಅದು ಕೋಣೆ ಆಗುತ್ತೆ ಕಣಮ್ಮ. ಕೋಣೆ ಆದ್ರೆ ಕೆಡವಬೇಕಾಗುತ್ತೆ. ನಿಂಗೆ ಕೋಣೆ ಬೇಕೋ, ಹೆಸ್ರು ಬೇಕೋ?”

ನಾನು ಜಗಳಕ್ಕೆ ಸೊಂಟ ಕಟ್ಟಿದೆ. ಅಜ್ಜಿ ತಡೆದಳು. “ಬರ್ಕೊಳ್ಲಿ ಬುಡು ಹೊನ್ನೂ. ಪುಸ್ತಕ ನೋಡ್ಕಂಡು ಯಾವ ಕೂಸೂ ಹುಟ್ಟಲ್ಲ.”

ಮೂರೇ ತಿಂಗಳಲ್ಲಿ, ಊರಿನ ಮಕ್ಕಳಿಗೆಲ್ಲ ಹೆರಿಗೆ ಮಾಡಿಸುತ್ತಿರುವವರು ಗುರಿಕಾರರೇ ಎಂದು ಊರು ನಂಬಿತು. ಮೋಟಾರಿನಲ್ಲಿ ಹುಟ್ಟಿದವರಿಗೆ ಮುಂದೆ ಮೊದಲ ಸಾಲಿನ ಕುರ್ಚಿಯಂತೆ ಎಂಬ ಸುದ್ದಿ ಹಬ್ಬಿತು. ಅಧ್ಯಕ್ಷರು ತಮ್ಮ ಮೂರು ತಿಂಗಳ ಬಸುರಿ ಸೊಸೆಗೆ ಈಗಲೇ ಜಾಗ ಹಿಡಿದಿಡಬೇಕೆಂದು ಹಣ್ಣಿನ ಬುಟ್ಟಿ ಹೊರಿಸಿಕೊಂಡು ಬಂದರು. ನನ್ನ ಚಿಂತೆ ಬೇರೆ. ಪುರಸಭೆಯ ತೀರ್ಮಾನವನ್ನು ಮನುಷ್ಯರು ಕೇಳುತ್ತಾರೆ, ಕಂಚು ಕೇಳುತ್ತದೆಯೆ? ಜಯಂತಿಗೆ ಇನ್ನೊಂದು ಗೇಣು ಬಂದರೆ ಹೆರುವವರು ಮಲಗುವ ಚಾಪೆಗೇ ಮೂತಿ ತಾಗುತ್ತದೆ. ಅದರ ಮುಂದಿನ ವರ್ಷ ತೊಲೆ ಹಿಡಿದಿರುವ ಕಂಬಕ್ಕೆ. ಕಂಬ ಹೋದರೆ ಸೂರೇ ಹೋಯಿತು. ಚಾಪೆಯ ಅಂಚಿನಿಂದ ಹ್ಯಾಂಡಲ್ಲಿನವರೆಗೆ ನಾನು ದಿನವೂ ಗೇಣು ಹಾಕಿ ನೋಡುತ್ತಿದ್ದೆ. ಅಜ್ಜಿಗೆ ಹೇಳಿದರೆ ನೋಡೋಣ ಬುಡು ಎನ್ನುತ್ತಿದ್ದಳು.

“ಗುರಿಕಾರರ ಈ ಮಹಿಮೆಗೆ ಊರು ಏನಾದ್ರೂ ಮಾಡ್ಬೇಕಲ್ಲ ಅಮ್ಮಾ?” ಎಂದರು ಅಧ್ಯಕ್ಷರು ಬುಟ್ಟಿ ಇಳಿಸುತ್ತ. “ಒಂದು ಬೆಳ್ಳಿ ಛತ್ರಿ ಅಂತ ಕೆಲವ್ರು. ಒಂದು ಕಮಾನು ಅಂತ ಕೆಲವ್ರು.”

ಅಜ್ಜಿ ಒಂದು ಸೀಬೆಹಣ್ಣು ಆರಿಸಿ ಮೂಸಿದಳು. “ಅಷ್ಟೊಂದು ಮಕ್ಕಳ್ನ ಹುಟ್ಟಿಸ್ತಾವ್ರೆ, ಮಡ್ಲು ಮಾತ್ರ ಖಾಲಿ. ನೋಡಕ್ಕೆ ಬಣಬಣ ಅಂತದೆ. ಒಂದು ಕೂಸ ಮಾಡ್ಸಿ ಮಡ್ಲಿಗೆ ಹಾಕ್ರಪ್ಪ. ನಿದ್ದೆ ಮಾಡೋ ಕೂಸು. ಅಳೋದು ಬ್ಯಾಡ.”

ಅಧ್ಯಕ್ಷರು ಕುಣಿದಾಡಿಬಿಟ್ಟರು. ಶಿಲ್ಪಿಯ ಮಗ ಬಂದ. ಅಳತೆಗೆ ಯಮುನಾಳ ಮಗಳನ್ನೇ ಮಲಗಿಸಿ, ಅವಳ ಮುಷ್ಟಿ, ಅರೆ ತೆರೆದ ಬಾಯಿ, ಕಿವಿಯ ಸುರುಳಿ ಎಲ್ಲವನ್ನೂ ಎರಕ ಹೊಯ್ದ. ಜಯಂತಿಗೆ ಎರಡು ದಿನ ಮುಂಚೆ ಕಂಚಿನ ಕೂಸನ್ನು ಗುರಿಕಾರರ ಮಡಿಲಿನಲ್ಲಿ ಇಟ್ಟರು. ಪಂಚೆಯ ನೆರಿಗೆಯೊಳಗೆ ಅದು ಎಷ್ಟು ಹದವಾಗಿ ಕೂತಿತೆಂದರೆ, ಅಲ್ಲಿಗೆ ಹೋಗಿ ಒಂದು ಬಟ್ಟೆ ಹೊದಿಸಿಬರಬೇಕೆಂದು ನನಗೇ ಅನ್ನಿಸಿತು. ಚಾಚಿದ ಕೈಯ ಗತ್ತು ಹಾಗೇ ಇತ್ತು, ಆದರೆ ಈಗ ಅದು ಯಾರಿಗೋ “ಸ್ವಲ್ಪ ಇವಳನ್ನ ಎತ್ಕೊಳ್ರಿ” ಎಂದು ಕರೆಯುವ ಕೈಯ ಹಾಗೆ ಕಾಣುತ್ತಿತ್ತು.

ಜಯಂತಿಯ ದಿನ ಕೋಣೆಯಲ್ಲಿ ಮೂರು ದಿನದ ಬಾಣಂತಿ, ಅಧ್ಯಕ್ಷರ ಸೊಸೆ ಚಂಪಾ, ಮಲಗಿದ್ದಳು. ಪಕ್ಕದಲ್ಲಿ ಕೂಸು. ಅಜ್ಜಿ ಚಾಪೆಯನ್ನು ಒಂದಿಷ್ಟೂ ಹಿಂದಕ್ಕೆ ಸರಿಸಲು ಬಿಡಲಿಲ್ಲ. ಸೈರನ್ ಕೂಗಿತು. ಹೊರಗೆ ಊರು ಕಣ್ಣು ಮುಚ್ಚಿತು. ನಾನು ಮುಚ್ಚಲಿಲ್ಲ. ಗೋಣಿಚೀಲ ಸರಿಸಿ ಬಿರುಕಿನಿಂದ ನೋಡಿದೆ. ಆ ನಿಮಿಷದಲ್ಲಿ ಕಣ್ಣು ಬಿಟ್ಟುಕೊಂಡಿದ್ದವರು ನಾವಿಬ್ಬರೇ, ನಾನು ಮತ್ತು ಗುರಿಕಾರರು.

ಚಕ್ರಗಳು ನಡುಗಿದವು. ಕಡ್ಡಿಗಳ ನಡುವೆ ಸಿಕ್ಕಿದ್ದ ಒಣಹೂವು ಉದುರಿತು. ಮೋಟಾರು ಹೊರಡಲು ಮೈ ಬಿಗಿಹಿಡಿದದ್ದು ನನಗೆ ಹಲ್ಲಿನಲ್ಲಿ ತಿಳಿಯಿತು. ಆಗ ಗುರಿಕಾರರ ತಲೆ, ಅಷ್ಟು ವರ್ಷ ದಿಗಂತವನ್ನೇ ನೋಡಿದ್ದ ತಲೆ, ಒಂದು ಕಡ್ಡಿಯಷ್ಟು ಕೆಳಗೆ ಬಾಗಿತು. ಮಡಿಲನ್ನು ನೋಡಿತು. ಸ್ಟೀರಿಂಗ್ ಚಕ್ರದ ಮೇಲಿದ್ದ ಕೈಯ ಬೆರಳುಗಳು ಸಡಿಲವಾದವು. ನಡುಕ ನಿಂತಿತು.

ನಾನು ತಿರುಗಿ ನೋಡಿದೆ. ಹ್ಯಾಂಡಲ್ಲು ಇದ್ದಲ್ಲೇ ಇತ್ತು.

“ಬರ್ಲಿಲ್ಲ ಅಜ್ಜಿ,” ಎಂದು ಪಿಸುಗುಟ್ಟಿದೆ.

“ಎಲ್ಲಿಂದ ಬಂದಾನು?” ಎಂದಳು ಅಜ್ಜಿ, ಎಲೆಗೆ ಸುಣ್ಣ ಸವರುತ್ತ. “ಮಲಗಿರೋ ಕೂಸ ಮಡ್ಲಿಗೆ ಹಾಕಿದ್ಮೇಲೆ ಗಂಡಸು ಅಲ್ಲಾಡ್ತಾನಾ? ಎಲ್ಲಿ ಎದ್ದು ನಂಗೇ ಗಂಟು ಬೀಳ್ತದೋ ಅಂತ ಉಸ್ರು ಬಿಗಿಹಿಡ್ಕಂಡು ಕೂತಿರ್ತಾನೆ. ನಾನು ನೋಡ್ದೇ ಇರೋ ಗಂಡಸ್ರಾ.”

ಹೊರಗೆ ಎಂಜಿನಿಯರು ದಾರ ಹಿಡಿದು ಅಳೆದರು. ಇನ್ನೊಂದು ಸಲ ಅಳೆದರು. ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದರು. ಅಧ್ಯಕ್ಷರ ಮುಖದಲ್ಲಿ ಒಂದು ಕ್ಷಣ ಬಾಳೆಗಿಡಗಳ ಕಾಲದ ದಿಗಿಲು ಹಾದುಹೋಯಿತು. ಮರುಕ್ಷಣ ಅವರು ಧ್ವನಿವರ್ಧಕಕ್ಕೆ ಬಾಯಿ ಹಚ್ಚಿ, “ಬಂಧುಗಳೇ, ಈ ವರ್ಷವೂ ಒಂದು ಗೇಣು!” ಎಂದು ಘೋಷಿಸಿದರು. ಊರು ಕಣ್ಣು ಬಿಟ್ಟಿತು. ಇದ್ದಲ್ಲೇ ಇದ್ದ ಮೋಟಾರನ್ನು ಎಲ್ಲರೂ ಕಣ್ಣಾರೆ ನೋಡಿದರು. ನೋಡಿ, ಹಿಂದಿನ ವರ್ಷಕ್ಕಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ತುಕಾರಾಮಣ್ಣ ಕುರ್ಚಿಯ ಮೇಲೆ ನಿಂತು ಜೈಕಾರ ಹಾಕಿದರು.

ಆ ಸದ್ದಿಗೆ ಒಳಗೆ ಚಂಪಾಳ ಕೂಸು ಬೆಚ್ಚಿಬಿದ್ದು ಕಿರುಚತೊಡಗಿತು. ನನಗೆ ಎಲ್ಲಿತ್ತೋ ಸಿಟ್ಟು, ಬಾಗಿಲು ದೂಡಿಕೊಂಡು ಹೊರಗೆ ಬಂದು, ಅಧ್ಯಕ್ಷರ, ಅರ್ಚಕರ, ಎರಡು ಸಾಲು ಕುರ್ಚಿಗಳ, ಇಡೀ ಊರಿನ ಎದುರು ನಿಂತು, “ಬಾಯಿ ಮುಚ್ಚಿ! ಮಗು ಈಗ ತಾನೆ ಮಲಗಿತ್ತು!” ಎಂದು ಚೀರಿದೆ.

ಚಪ್ಪಾಳೆ ನಿಂತಿತು. ಅಧ್ಯಕ್ಷರು ತೆರೆದಿದ್ದ ಬಾಯನ್ನು ಮುಚ್ಚಿದರು. ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ತುದಿಗಾಲಿನಲ್ಲಿ, ಒಬ್ಬರ ಹಿಂದೊಬ್ಬರು ಮನೆಗೆ ಹೋದರು.